ಮೈಕಿನಲ್ಲಿ ಕೂಗದ ಹೆಸರು

ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ಮುದ್ದೇಬಿಹಾಳದ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದೆ. ಶ್ರಾವಣದ ಜಿಟಿಜಿಟಿ ಮಳೆ. ಒಬ್ಬ ಹೆಂಗಸು ಬಂದು ನನ್ನ ಪಕ್ಕದಲ್ಲಿ ಕುಳಿತು, ಬಿಳಿ ಬಟ್ಟೆ ಕಟ್ಟಿದ ದೊಡ್ಡ ಬುಟ್ಟಿಯನ್ನು ಕಾಲ ಹತ್ತಿರ ಇಟ್ಟುಕೊಂಡಳು. ಬಟ್ಟೆ ಅಲ್ಲಲ್ಲಿ ಒದ್ದೆಯಾಗಿತ್ತು. ಒಣಗಿಸಿ ಗರಿಗರಿ ಮಾಡಿದ ಕಟಕಟಿ ಜೋಳದ ರೊಟ್ಟಿಯ ವಾಸನೆ ಮತ್ತು ತೊಯ್ದ ಬಟ್ಟೆಯ ವಾಸನೆ ಎರಡೂ ಕೂಡಿ ಮೂಗಿಗೆ ಬಂತು.

“ಎಲ್ಲಿಗಿ ಒಯ್ಯಾಕತ್ತೀರಿ?” ಎಂದು ಕೇಳಿದೆ.

“ನಮ್ಮ ತವರೂರಾಗ ಪ್ರವಚನ ಐತ್ರಿ. ದಾಸೋಹಕ್ಕ ರೊಟ್ಟಿ,” ಎಂದಳು.

ಅಂದು ಬೆಳಿಗ್ಗೆಯಷ್ಟೇ ಶಿಕ್ಷಕರ ತರಬೇತಿಯಲ್ಲಿ ನಮ್ಮನ್ನು ಗುಂಪು ಗುಂಪಾಗಿ ಕೂರಿಸಿ, ಒಬ್ಬ ಸಾಮಾನ್ಯ ಮನುಷ್ಯನಿಂದ ಸಮಾಜ ಬದಲಾದೀತೇ ಎಂದು ಚರ್ಚೆ ಮಾಡಿಸಿದ್ದರು. ಆಗುತ್ತದೆ ಎನ್ನುವವರು ಕೈ ಎತ್ತಿ ಎಂದಾಗ ಎಲ್ಲರೂ ಎತ್ತಿದರು. ನಾನೂ ಎತ್ತಿದೆ. ಎಲ್ಲರೂ ಎತ್ತುವಾಗ ಎತ್ತುವುದು ನನಗೆ ಚೆನ್ನಾಗಿ ಬರುತ್ತದೆ. ಒಬ್ಬಳೇ ಎತ್ತಬೇಕಾದ ಒಂದು ದಿನ ಬಂದಿತ್ತು, ಅದನ್ನು ಯಾರಿಗೂ ಹೇಳಲಿಲ್ಲ.

ಮುದ್ದೇಬಿಹಾಳದ ಬಸ್ಸು ಬಂತು, ಹೋಯಿತು. ನಾನು ಮೋರಟಗಿ ಕಡೆಯ ಬಸ್ಸು ಹತ್ತಿದೆ. ಆ ದಾರಿಯಲ್ಲಿ ಇಳಿದು ಒಳಗೆ ನಡೆಯಬೇಕಾದ ಒಂದು ಊರಿದೆ. ಅದರ ಹೆಸರು ಬರೆಯುವುದಿಲ್ಲ. ಊರಿನ ತಪ್ಪನ್ನು ಹೇಳಲು ನಾನು ಇದನ್ನು ಬರೆಯುತ್ತಿಲ್ಲ.

ಅದು ನನ್ನ ಮೊದಲ ನೌಕರಿಯ ಊರು. ನಾನು ನಿಡಗುಂದಿಯ ಹುಡುಗಿ, ಇಪ್ಪತ್ಮೂರು ವಯಸ್ಸು, ಹೊಸ ಆದೇಶದ ಕಾಗದವನ್ನು ಮೂರು ಸಲ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು ಬಂದವಳು. ಆ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ಬಂದ ಒಂದು ವಾರಕ್ಕೇ ಊರಿಗೆಲ್ಲ ಅಕ್ಕೋರಾದೆ. ನೀಲಮ್ಮಾಯಿ ಎಂಬ ಮುದುಕಿಯ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಆಕೆಗೆ ಮಾತು ಕಡಿಮೆ, ಕಣ್ಣು ಚುರುಕು. ನನ್ನ ಅಡಿಗೆ ನೋಡಿ ಮೊದಲ ದಿನವೇ, “ಏನವ್ವ, ನಿಮ್ಮೂರಾಗ ರೊಟ್ಟಿಗಿ ಕಿವಿ ಇರ್ತಾವೇನು?” ಎಂದಿದ್ದಳು. ನನ್ನ ರೊಟ್ಟಿ ದಪ್ಪ, ಅಂಚು ಹರಿದದ್ದು. ನಮ್ಮಲ್ಲಿ ಅಕ್ಕಿ ಹೆಚ್ಚು ಎಂದು ನೆಪ ಹೇಳುತ್ತಿದ್ದೆ. ನಮ್ಮ ಮನೆಯಲ್ಲಿ ದಿನವೂ ಜೋಳದ ರೊಟ್ಟಿಯೇ. ನಾನು ಸೋಮಾರಿ, ಅಷ್ಟೇ.

ಕಸ್ತೂರವ್ವ ಶಾಲೆಯ ಕಸ ಗುಡಿಸುತ್ತಿದ್ದಳು. ಕೆಳಗಿನ ಓಣಿಯವಳು. ಕೆಳಗಿನ ಓಣಿ ಎಂದರೆ ದಲಿತರ ಮನೆಗಳು. ಗಂಡ ಇರಲಿಲ್ಲ. ಒಬ್ಬಳೇ ಮಗಳು ರೇಣುಕಾ, ನನ್ನ ಐದನೇ ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವ ಹುಡುಗಿ. ಮೂರು ವರ್ಷದ ಹಿಂದೆ ಈ ಹುಡುಗಿಗೆ ಜ್ವರ ತಲೆಗೇರಿ, ವಿಜಯಪುರದ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಕಣ್ಣು ತೆರೆದಿರಲಿಲ್ಲವಂತೆ. ಆಗ ಕಸ್ತೂರವ್ವ ಊರಿನ ಮಠದ ಕಡೆ ಕೈ ಮುಗಿದು ಬೇಡಿಕೊಂಡಿದ್ದಳು: ಮಗಳು ತನ್ನ ಕಾಲ ಮೇಲೆ ನಡೆದು ಮನೆಗೆ ಬಂದರೆ, ಶ್ರಾವಣದ ದಾಸೋಹಕ್ಕೆ ತನ್ನ ಕೈಯಿಂದ ಬಡಿದ ನೂರಾ ಒಂದು ರೊಟ್ಟಿ.

ಮಗಳು ನಡೆದು ಬಂದಳು. ರೊಟ್ಟಿ ಮಾತ್ರ ಹೋಗಲಿಲ್ಲ.

ಆ ಊರಿನ ಪದ್ಧತಿ ಹೀಗಿತ್ತು. ಶ್ರಾವಣವಿಡೀ ಮಠದಲ್ಲಿ ಬೆಳಿಗ್ಗೆ ಪ್ರವಚನ, ಮಧ್ಯಾಹ್ನ ಊಟ. ದಿನಕ್ಕೊಂದು ಓಣಿಯ ಪಾಳಿ. ಆ ಓಣಿಯ ಹೆಂಗಸರು ರೊಟ್ಟಿಯ ಬುಟ್ಟಿ ತಲೆಯ ಮೇಲೆ ಹೊತ್ತು ಸಾಲಾಗಿ ಹೋಗುವುದು, ಊಟದ ಹೊತ್ತಿಗೆ ಯಾರ ಯಾರ ರೊಟ್ಟಿ ಎಂದು ಮೈಕಿನಲ್ಲಿ ಹೆಸರು ಕೂಗುವುದು. ಕೆಳಗಿನ ಓಣಿಗೂ ಪಾಳಿ ಇತ್ತು. ಅವರು ಜೋಳ ಕೊಡಬೇಕು, ಸೌದೆ ಒಡೆಯಬೇಕು. ರೊಟ್ಟಿ ತರುವಂತಿಲ್ಲ. ಪ್ರವಚನದಲ್ಲಿ ಮಾತ್ರ ದಿನವೂ ಎಲ್ಲರೂ ಒಂದೇ. ಅದನ್ನು ಎಲ್ಲರೂ ತಲೆದೂಗಿ ಕೇಳುತ್ತಿದ್ದರು, ನಾನೂ.

ಒಂದು ದಿನ ಶಾಲೆಯ ಕಟ್ಟೆಯ ಮೇಲೆ ಕಸಬರಿಗೆ ಬದಿಗಿಟ್ಟು ಕಸ್ತೂರವ್ವ ಇದನ್ನೆಲ್ಲ ಹೇಳಿದಳು. ಅಳಲಿಲ್ಲ. ಪಡಿತರದ ಅಕ್ಕಿ ಬಂದಿಲ್ಲ ಎನ್ನುವ ಹಾಗೆ ಹೇಳಿದಳು.

“ಜ್ವಾಳಾ ಕೊಡು, ಬ್ಯಾರೆ ಯಾರರೇ ಬಡದ ಹಾಕ್ತಾರ ಅಂದ್ರು. ಕೊಟ್ನಿರಿ. ಆದ್ರ ನಾ ಬೇಡಕೊಂಡಿದ್ದು ಜ್ವಾಳಾ ಅಲ್ಲರಿ, ನನ್ನ ಕೈಲೆ ಬಡದ ರೊಟ್ಟಿ. ಹರಕಿ ಹಂಗ ಉಳದೈತಿ. ಹುಡುಗಿಗಿ ಸ್ವಲ್ಪ ಮೈ ಬಿಸಿ ಆದ್ರ ನನ್ನ ಎದಿ ಧಸಕ್ಕ ಅಂತೈತ್ರಿ.”

ನನಗೆ ಮೈಯೆಲ್ಲ ಉರಿಯಿತು. ಆ ವಯಸ್ಸಿನಲ್ಲಿ ಮೈ ಬೇಗ ಉರಿಯುತ್ತದೆ. ಕೂತಲ್ಲೇ ಉಪಾಯ ಹೇಳಿದೆ. ನೀಲಮ್ಮಾಯಿಯ ಓಣಿಯ ಪಾಳಿ ಮುಂದಿನ ಶನಿವಾರ. ಬೆಳಗಿನ ಶಾಲೆ, ಮಧ್ಯಾಹ್ನ ಬಿಡುವು.

“ನಿಮ್ಮ ರೊಟ್ಟಿ ನನ್ನ ಬುಟ್ಟ್ಯಾಗ ಹೋಗ್ಲಿ ಕಸ್ತೂರವ್ವ. ಎಲ್ಲಾರು ಉಣ್ಲಿ. ಉಂಡ ಮ್ಯಾಲ ನಾ ಮೈಕ್‌ನ್ಯಾಗ ಹೇಳ್ತೇನಿ. ಉಂಡಿದ್ದು ಹೊಟ್ಟ್ಯಾಗ ಹೋಗಿರತೈತಿ, ಆಮ್ಯಾಲ ಏನ್ ಮಾಡ್ತಾರ?”

ಆಕೆ ತಲೆ ಅಲ್ಲಾಡಿಸಿದಳು. “ಕದ್ದ ಕೊಟ್ಟ ಹರಕಿ ಮುಟ್ಟಂಗಿಲ್ಲರಿ ಅಕ್ಕೋರ.”

“ಕದ್ದ ಅಲ್ಲ. ಹೆಸರ ಹೇಳೇ ಹೇಳ್ತೇನಿ.”

“ಹೆಸರ ಕೂಗ್ತೀರಿ?”

“ಕೂಗ್ತೇನಿ.”

“ಕಸ್ತೂರವ್ವನ ರೊಟ್ಟಿ ಅಂತ, ಮೈಕ್‌ನ್ಯಾಗ?”

“ಹಂಗ.”

ಮೂರನೇ ದಿನ ಬೆಳಿಗ್ಗೆ ಕಸ ಗುಡಿಸಿ, ಕೈ ತೊಳೆದುಕೊಂಡು ಬಂದು, “ಹೂಂ ರಿ,” ಎಂದಳು. ಆ ರಾತ್ರಿ ನನಗೆ ಖುಷಿಗೆ ನಿದ್ದೆ ಹತ್ತಲಿಲ್ಲ. ಈಗ ನಾಚಿಕೆ ಬಿಟ್ಟು ಹೇಳುತ್ತೇನೆ: ನನ್ನ ಕಣ್ಣ ಮುಂದೆ ಮೈಕ್ ಹಿಡಿದು ನಿಂತ ನಾನೇ ಇದ್ದೆ, ಜನ ಬೆರಗಾಗಿ ನನ್ನನ್ನೇ ನೋಡುತ್ತಿದ್ದರು. ಕಸ್ತೂರವ್ವ ಎಲ್ಲಿ ನಿಂತಿದ್ದಾಳೆ ಎಂದು ಯೋಚಿಸಿಯೇ ಇರಲಿಲ್ಲ.

ಅವಳು ತನ್ನ ಮನೆಯ ಒಲೆಯ ಮೇಲೆ, ತನ್ನ ಜೋಳದಲ್ಲಿ ಎರಡು ದಿನ ರೊಟ್ಟಿ ಬಡಿದಳು. ಒಂದೊಂದನ್ನೂ ಒಲೆಯ ಮಗ್ಗುಲಿಗೆ ಆನಿಸಿಟ್ಟು ಕಟಕಟಿ ಮಾಡಿದಳಂತೆ. ಶನಿವಾರ ನಸುಕಿನಲ್ಲಿ ಕಸ ಗುಡಿಸಲು ಬರುವ ನೆಪದಲ್ಲಿ ಬುಟ್ಟಿಯನ್ನು ಶಾಲೆಗೆ ತಂದಿಟ್ಟಳು. ಶಾಲೆ ಬಿಟ್ಟ ಮೇಲೆ ನಾನು ಅದನ್ನು ಮನೆಗೆ ತಂದು, ಮೇಲೆ ನನ್ನ ಬಿಳಿ ಟವೆಲ್ ಮುಚ್ಚಿದೆ. ಎಲ್ಲ ಸರಿಯಾಗಿ ಮಾಡಿದ್ದೆ. ಒಂದನ್ನು ಮರೆತಿದ್ದೆ. ನಮ್ಮ ಸೀಮೆಯಲ್ಲಿ ರೊಟ್ಟಿಗೆ ಕೈಗುರುತು ಇರುತ್ತದೆ. ಅಂಚು ನೋಡಿ, ಬೆರಳು ಬಿದ್ದ ಜಾಗ ನೋಡಿ, ಇದು ಇಂಥವಳ ರೊಟ್ಟಿ ಎಂದು ಹೆಂಗಸರು ಹೇಳುತ್ತಾರೆ. ರೊಟ್ಟಿ ತಿಂದೇ ಬೆಳೆದ ನನಗೆ ಅದು ಹೊಳೆಯಲಿಲ್ಲ.

ನೀಲಮ್ಮಾಯಿ ಬುಟ್ಟಿ ಹೊರಿಸಲು ಬಂದಳು. ಟವೆಲ್ ಸರಿಸಿ ಒಂದು ರೊಟ್ಟಿ ತೆಗೆದಳು. ಬೆಳಕಿಗೆ ಹಿಡಿದು ನೋಡಿದಳು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು.

“ಭಾಳ ತೆಳ್ಳಗ ಬಡದೀಯಲ್ಲ ಅಕ್ಕೋರ.”

“ಹೂಂ ಆಯಿ.”

“ಕೈ ಪಳಗೇತಿ ಹಂಗಾರ,” ಎಂದು ರೊಟ್ಟಿಯನ್ನು ತಿರುಗಿ ಬುಟ್ಟಿಗಿಟ್ಟು ಟವೆಲ್ ಮುಚ್ಚಿದಳು. ನನ್ನ ಮುಖ ನೋಡಲಿಲ್ಲ. ನಾನು ಬದುಕಿದೆ ಎಂದುಕೊಂಡೆ.

ಜಿನುಗು ಮಳೆಯಲ್ಲಿ ಸಾಲಾಗಿ ನಡೆದೆವು. ಎರೆಮಣ್ಣು ಚಪ್ಪಲಿಗೆ ಹತ್ತಿ ಹತ್ತಿ ಕಾಲು ಭಾರವಾಗಿ, ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದೆ. ಮಠದ ಅಂಗಳದಲ್ಲಿ ಪಂಕ್ತಿ ಹಾಸಿದ್ದರು. ಪುಂಡಿಪಲ್ಯ, ಶೇಂಗಾ ಹಿಂಡಿ, ಸಾರು. ರೊಟ್ಟಿ ಬಡಿಸಿದರು. ನನ್ನ ಬುಟ್ಟಿಯ ರೊಟ್ಟಿ ಮೊದಲ ಪಂಕ್ತಿಗೇ ಹೋಯಿತು. ಎಲ್ಲರೂ ಉಂಡರು. ಊರಿನ ದೊಡ್ಡ ದೊಡ್ಡ ಮನೆಯವರು ಉಂಡರು. ಅಕ್ಕೋರ ಕೈ ಚಲೋ ಐತಿ ಎಂದು ಒಬ್ಬರು ಮತ್ತೊಂದು ಕೇಳಿ ಹಾಕಿಸಿಕೊಂಡರು. ನೀಲಮ್ಮಾಯಿಯೂ ಹೆಂಗಸರ ಪಂಕ್ತಿಯಲ್ಲಿ ಕೂತು ಮೆಲ್ಲಗೆ ಮುರಿದು ಉಣ್ಣುತ್ತಿದ್ದಳು.

ಅಂಗಳದ ಆಚೆ, ಬೇವಿನ ಮರದ ಬುಡದಲ್ಲಿ ಕೆಳಗಿನ ಓಣಿಯವರು ಕೂತಿದ್ದರು. ಅವರಿಗೆ ಕೊನೆಯ ಪಂಕ್ತಿ. ಕಸ್ತೂರವ್ವ ಹಸಿರು ಇಳಕಲ್ ಸೀರೆ ಉಟ್ಟು ಬಂದಿದ್ದಳು. ರೇಣುಕಾಳಿಗೆ ಎರಡು ಜಡೆ, ಕೆಂಪು ರಿಬ್ಬನ್ನು. ಮಗಳಿಗೊಬ್ಬಳಿಗೇ ಹೇಳಿದ್ದಳೆಂದು ಕಾಣುತ್ತದೆ. ಹುಡುಗಿ ಕೂತಲ್ಲಿ ಕೂರದೆ ತುದಿಗಾಲಲ್ಲಿ ನಿಂತು ನಮ್ಮ ಕಡೆ ನೋಡುತ್ತಿತ್ತು.

ಮೈಕ್ ಹಿಡಿಯುತ್ತಿದ್ದವರು ಮಠದ ಕಮಿಟಿಯ ಗುರಪ್ಪ ಕಾಕಾ. ಒಂದೊಂದೇ ಹೆಸರು ಕೂಗಿ, ಕೊನೆಗೆ, “ನಮ್ಮೂರ ಸಾಲಿ ಅಕ್ಕೋರ ರೊಟ್ಟಿ ಸೇವಾ. ಹೊರಗಿನಿಂದ ಬಂದ್ರೂ ನಮ್ಮ ಮನಿ ಮಗಳಂಗ ಅದಾರ. ಅಕ್ಕೋರು ಮ್ಯಾಲ ಬರಬೇಕ್ರಿ,” ಎಂದರು. ನನಗೊಂದು ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. “ಎರಡ ಮಾತ ಹೇಳ್ರಿ,” ಎಂದು ಮೈಕ್ ಕೈಗಿತ್ತರು. ನಾನು ಕೇಳಿ ಪಡೆಯಬೇಕೆಂದಿದ್ದ ಮೈಕ್ ತಾನಾಗಿ ಬಂತು.

ಬೇವಿನ ಮರದ ಕೆಳಗೆ ಕಸ್ತೂರವ್ವ ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎರಡೂ ಕೈ ಜೋಡಿಸಿದಳು. ಹೆಸರು ಕೂಗಿದ ಕೂಡಲೇ ಮಠದ ಕಡೆ ನಮಸ್ಕಾರ ಮಾಡಬೇಕೆಂದು ಮೊದಲೇ ಕೈ ಜೋಡಿಸಿಕೊಂಡು ಕಾಯುತ್ತಿದ್ದಳು. ಅದನ್ನು ನಾನು ಕಂಡೆ. ಕಾಣಲಿಲ್ಲ ಎನ್ನಲು ನನಗೆ ಇವತ್ತಿಗೂ ಆಗುವುದಿಲ್ಲ.

ಯಾರೂ ನನ್ನನ್ನು ಹೆದರಿಸಿರಲಿಲ್ಲ. ಎದುರಿಗೆ ಕೂತವರೆಲ್ಲ ನಗುನಗುತ್ತ ನನ್ನನ್ನು ನೋಡುತ್ತಿದ್ದರು. ಆ ನಗೆ ಹೋದೀತೆಂಬ ಹೆದರಿಕೆ ಹುಟ್ಟಿತು, ಬೇರೇನೂ ಅಲ್ಲ. ಹೆಡ್‌ಮಾಸ್ತರು, ಬಾಡಿಗೆಯ ಕೋಣೆ, ಕಾಯಂ ಆಗದ ನೌಕರಿ ಎಲ್ಲ ಆಮೇಲೆ ನಾನೇ ಕೂಡಿಸಿಕೊಂಡ ಕಾರಣಗಳು.

“ಎಲ್ಲಾರಿಗೂ ಶರಣು,” ಎಂದೆ. “ಈ ಊರು ನನ್ನನ್ನ ಮಗಳಂಗ ನೋಡೇತಿ. ನಿಮ್ಮ ಪ್ರೀತಿ ದೊಡ್ಡದು. ಇಷ್ಟ ಹೇಳಿ ನನ್ನ ಎರಡ ಮಾತ ಮುಗಸ್ತೇನಿ.”

ಚಪ್ಪಾಳೆ ಬಿತ್ತು. ಕಸ್ತೂರವ್ವ ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದಳು, ಮಾತು ಮುಗಿದಿಲ್ಲವೇನೋ ಎಂಬ ಹಾಗೆ. ಆಮೇಲೆ ಜೋಡಿಸಿದ ಕೈ ಬಿಟ್ಟು, ಮಗಳ ಭುಜ ಹಿಡಿದು ಕೂರಿಸಿದಳು. ಕೊನೆಯ ಪಂಕ್ತಿಗೆ ಅವಳ ರೊಟ್ಟಿ ಉಳಿದಿರಲಿಲ್ಲ.

ಸೋಮವಾರ ಅವಳು ಬಂದು ಎಂದಿನಂತೆ ಕಸ ಗುಡಿಸಿದಳು. ನಾನು ಮಾತಾಡಲು ಬಾಯಿ ತೆರೆದರೆ, “ಉಂಡ್ರಲ್ಲರಿ, ಅಷ್ಟಾತು,” ಎಂದು ಮುಂದಿನ ಕೋಣೆಗೆ ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಧ್ಯಾಹ್ನ ಎಲ್ಲ ಮಕ್ಕಳೂ ಊಟಕ್ಕೆ ಓಡಿದ ಮೇಲೆ ರೇಣುಕಾ ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಅಕ್ಕೋರ, ಅವ್ವನ ಹೆಸರ ಮರತ್ರೇನ್ರಿ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಗ್ಗಿ ತಪ್ಪಿದರೆ ನಾವು ಕೇಳುತ್ತೇವಲ್ಲ, ಹಾಗೆ ಕೇಳಿದಳು.

“ಹೂಂ,” ಎಂದೆ. “ಮರತ್ನಿ.”

ನೀಲಮ್ಮಾಯಿ ನಾಲ್ಕೈದು ದಿನ ನನ್ನೊಡನೆ ಮಾತಾಡಲಿಲ್ಲ. ಒಂದು ಸಂಜೆ ನಾನು ಹಿಟ್ಟು ನಾದುತ್ತಿದ್ದಾಗ ಬಾಗಿಲಲ್ಲಿ ಬಂದು ಕುಳಿತು, ನನ್ನ ಕೈಯನ್ನೇ ನೋಡುತ್ತ ಹೇಳಿದಳು.

“ಆ ರೊಟ್ಟಿ ಕಸ್ತೂರಿ ಬಡದಿದ್ದು. ಆಕಿ ಅವ್ವ ನಮ್ಮ ಹೊಲದಾಗ ಕೆಲಸಕ್ಕ ಬರ್ತಿದ್ಲು, ಬುತ್ತಿ ಬಿಚ್ಚಿದ್ರ ಅದ ಅಂಚು ಇರ್ತಿತ್ತು. ನಾ ದೂರಿಂದ ನೋಡೀನಿ, ಉಂಡಿಲ್ಲ. ಅವತ್ತ ಗೊತ್ತಿದ್ದ ಉಂಡೇನಿ.”

ಹಿಟ್ಟು ಬಿಟ್ಟು ಅವಳ ಕಡೆ ತಿರುಗಿದೆ. ಆಯಿ ಮಾತು ಮುಂದುವರಿಸಿದಳು.

“ನೀ ಹೇಳ್ತಿ ಅಂತ ಕಾಯ್ಕೋತ ಕುಂತಿದ್ನಿ. ನೀ ಒಂದ ಮಾತ ಅಂದಿದ್ರ, ಹೌದು, ನಾನೂ ಉಂಡೇನಿ ಅಂತ ಎದ್ದ ನಿಲ್ತಿದ್ನಿ.”

“ಹಂಗಾರ ನೀವ ಹೇಳಬೇಕಾಗಿತ್ತಲ್ಲ ಆಯಿ,” ಎಂದೆ. ತಪ್ಪು ಮಾಡಿದವರಿಗೆ ಬಾಯಿ ಜೋರು.

“ನನಗ್ಯಾರ್ ಮೈಕ್ ಕೊಡ್ತಾರ?” ಎಂದಳು. “ನಿನಗ ಕೊಟ್ಟಿದ್ರು.”

ಆ ಸಂಜೆ ನಾನು ಅತ್ತ ಹಾಗೆ ಮತ್ತೆ ಯಾವತ್ತೂ ಅತ್ತಿಲ್ಲ. ಮರುದಿನ ಕಸ್ತೂರವ್ವನ ಮನೆಗೇ ಹೋದೆ. ಅಂಗಳದಲ್ಲಿ ಹೆಸರುಕಾಯಿ ಹರವಿದ್ದಳು. ಶ್ರಾವಣ ಇನ್ನೂ ಮುಗಿದಿಲ್ಲ, ಇನ್ನೊಮ್ಮೆ ರೊಟ್ಟಿ ಬಡಿಯಿರಿ, ಈ ಸಲ ನಿಮ್ಮ ತಲೆಯ ಮೇಲೇ ಬುಟ್ಟಿ ಇರಲಿ, ನಾನು, ನೀಲಮ್ಮಾಯಿ ಇಬ್ಬರೂ ಪಕ್ಕದಲ್ಲಿ ನಡೆಯುತ್ತೇವೆ ಎಂದೆ. ಆಕೆ ಹೆಸರುಕಾಯಿಯಲ್ಲಿ ಕೈಯಾಡಿಸುವುದನ್ನು ನಿಲ್ಲಿಸಲಿಲ್ಲ.

“ಬ್ಯಾಡ್ರಿ ಅಕ್ಕೋರ. ನೀವು ಇವತ್ತ ಇಲ್ಲಿ, ನಾಳಿ ಮತ್ತೊಂದ ಊರು. ನಾ ಇಲ್ಲೇ ಇರಾಕಿ. ಅವತ್ತ ಸೀರಿ ಉಟ್ಟ ಬಂದಿದ್ನಿ. ಮತ್ತೊಮ್ಮಿ ಹಂಗ ಕೈ ಜೋಡಿಸಿ ನಿಂದ್ರೂದು ನನ್ನ ಕೈಲೆ ಆಗಂಗಿಲ್ಲ.”

ಅವಳು ಹೇಳಿದಂತೆಯೇ ಆಯಿತು. ನಾನು ಹೋದೆ. ಅವಕಾಶ ಸಿಕ್ಕ ಕೂಡಲೇ ಮುದ್ದೇಬಿಹಾಳದ ಕಡೆ ವರ್ಗ ಕೇಳಿ ಪಡೆದೆ. ತಂದೆಗೆ ಆರಾಮಿಲ್ಲ ಎಂದು ಅರ್ಜಿಯಲ್ಲಿ ಬರೆದೆ. ತಂದೆ ಗಟ್ಟಿಮುಟ್ಟಾಗಿದ್ದರು. ಎರಡು ವರ್ಷದ ಮೇಲೆ ಹೆಡ್‌ಮಾಸ್ತರು ಬೇರೇನೋ ಕೆಲಸಕ್ಕೆ ಫೋನ್ ಮಾಡಿದಾಗ, ಮಾತಿನ ನಡುವೆ, “ನಮ್ಮ ಕಸ್ತೂರವ್ವ ಹ್ವಾದ್ಲರಿ, ಹೊಟ್ಟಿ ಬ್ಯಾನಿ ಆಗಿತ್ತು,” ಎಂದರು. ಹರಕೆ ಮುಟ್ಟಿತೆಂದುಕೊಂಡು ಹೋದಳೋ, ಉಳಿದಿದೆ ಎಂದುಕೊಂಡು ಹೋದಳೋ, ಕೇಳಲು ನನಗೆ ಯಾವ ಬಾಯಿ ಇತ್ತು. ಆ ಶಾಲನ್ನು ಒಮ್ಮೆಯೂ ಹೊದ್ದಿಲ್ಲ. ಯಾರಿಗೂ ಕೊಟ್ಟೂ ಇಲ್ಲ.

ಇದನ್ನೆಲ್ಲ ಬಸ್ಸಿನಲ್ಲಿ ನೆನೆಯುತ್ತ ಬಂದು ಇಳಿದೆ. ಊರಿನ ಕೂಡುರಸ್ತೆಗೆ ಈಗ ಸಿಮೆಂಟು. ಮಠದ ಮೈಕಿನ ದನಿ ಮಳೆಯಲ್ಲಿ ತೇಲಿ ಬರುತ್ತಿತ್ತು. ಕೆಳಗಿನ ಓಣಿಯ ಬಾಯಲ್ಲಿ ಐದಾರು ಹೆಂಗಸರು ಬುಟ್ಟಿಗಳನ್ನಿಟ್ಟುಕೊಂಡು ಟ್ರ್ಯಾಕ್ಟರಿಗೆ ಕಾಯುತ್ತ ನಿಂತಿದ್ದರು. ರೊಟ್ಟಿಯ ಬುಟ್ಟಿಗಳು. ಕೆಳಗಿನ ಓಣಿಯಲ್ಲಿ. ನಾನು ದಾರಿಯ ನಡುವೆ ನಿಂತುಬಿಟ್ಟೆ.

“ಅಕ್ಕೋರ ಅಲ್ಲೇನ್ರಿ?” ಎಂದು ಒಬ್ಬಳು ಹತ್ತಿರ ಬಂದಳು. ಮುಖದಲ್ಲಿ ತಾಯಿಯೇ. ರೇಣುಕಾ ಈಗ ಅದೇ ಊರಿನ ಅಂಗನವಾಡಿಯಲ್ಲಿ ಟೀಚರು. ನನ್ನ ಕೊಡೆ ತಾನೇ ಹಿಡಿದುಕೊಂಡು, ನಾನು ಕೇಳುವ ಮೊದಲೇ ಹೇಳತೊಡಗಿದಳು.

ತಾಯಿ ಸತ್ತ ಮರುವರ್ಷ ಅವಳು ಒಬ್ಬಳೇ ನೂರಾ ಒಂದು ರೊಟ್ಟಿ ಬಡಿದು, ನೀಲಮ್ಮಾಯಿಯ ಓಣಿಯ ಪಾಳಿಯ ದಿನ ಬುಟ್ಟಿ ಹೊತ್ತು ಸಾಲಿನ ಕೊನೆಗೆ ಹೋಗಿ ನಿಂತಳಂತೆ. ಆಗ ಅವಳಿಗೆ ಹದಿನಾಲ್ಕು. ಮಠದ ಬಾಗಿಲಲ್ಲಿ ಗುರಪ್ಪ ಕಾಕಾ ಅಡ್ಡ ಬಂದರು. ನೀಲಮ್ಮಾಯಿ ತನ್ನ ಬುಟ್ಟಿಯನ್ನು ಅಲ್ಲೇ ನೆಲಕ್ಕಿಟ್ಟಳು.

“ಆಕಿ ರೊಟ್ಟಿ ಬ್ಯಾಡಂದ್ರ ನಂದೂ ಬ್ಯಾಡ ಅಂದ್ಲರಿ ಆಯಿ. ಆಮ್ಯಾಲ ಇಬ್ಬರು ಮೂವರು ಇಳಿಸಿದ್ರು. ಉಳದವರು ಸುಮ್ನ ನಿಂತ್ರು. ಒಳಗ ಪಂಕ್ತಿ ಕುಂತಿತ್ತು, ರೊಟ್ಟಿ ಇಲ್ಲ. ಕಡೀಕ ಒಯ್ರಿ ಅಂದ್ರು.” ಕೊಡೆಯನ್ನು ನನ್ನ ಕಡೆ ಸರಿಸುತ್ತ, “ಈಗೂ ಕೆಲವರು ನಮ್ಮ ಓಣಿ ಪಾಳಿ ದಿನಾ ಬರೇ ಅನ್ನಾ ಸಾರು ಉಂಡ ಹೋಗ್ತಾರ್ರಿ. ಹೋದ್ರ ಹೋಗ್ಲಿ,” ಎಂದಳು. ನೀಲಮ್ಮಾಯಿ ಹೋದ ವರ್ಷ ತೀರಿಕೊಂಡಳಂತೆ.

ಹದಿನಾಲ್ಕರ ಹುಡುಗಿ, ಎಪ್ಪತ್ತರ ಮುದುಕಿ. ಇಬ್ಬರ ಕೈಯಲ್ಲೂ ಮೈಕ್ ಇರಲಿಲ್ಲ.

ಅವಳು ಬುಟ್ಟಿಯ ಬಟ್ಟೆಯ ಗಂಟನ್ನು ಬಿಗಿಯುತ್ತ ಕೇಳಿದಳು. “ಅಕ್ಕೋರ, ಒಂದ ಕೇಳ್ಲೇನ್ರಿ? ಅವತ್ತ ನೀವು ಖರೇನ ಮರತಿದ್ರೇನ್ರಿ?”

“ಇಲ್ಲವ್ವ,” ಎಂದೆ. “ಮರತಿರ್ಲಿಲ್ಲ. ಹೆದರಿದ್ನಿ.”

ರೇಣುಕಾ ತಲೆ ಎತ್ತಲಿಲ್ಲ. “ಅವ್ವಗ ಗೊತ್ತಿತ್ರಿ. ನಿಮ್ಮ ಮಾರಿ ನೋಡಿದ್ಲಂತ. ಆದ್ರ ನನಗ ಮರತಾರ, ಮರತಾರ ಅಂತನ ಹೇಳಾಕಿ. ಅಕ್ಕೋರ ಮ್ಯಾಲ ಮನಸ ಮುರದ್ರ ಹುಡುಗಿ ಸಾಲಿ ಬಿಟ್ಟೀತು ಅಂತ ಅಂಜಿದ್ಲು. ಸಾಯೂಕಿಂತ ಮೊದಲ ಹೇಳಿದ್ಲರಿ.”

ಟ್ರ್ಯಾಕ್ಟರ್ ಬಂತು. ಬುಟ್ಟಿಯ ಒಂದು ಕಡೆ ಅವಳು, ಒಂದು ಕಡೆ ನಾನು ಹಿಡಿದು ಎತ್ತಿಟ್ಟೆವು. “ಬರ್ರಿ, ಉಂಡ ಹೋಗ್ರಿ,” ಎಂದಳು.

ಹೋದೆ. ಬೇವಿನ ಮರ ಇನ್ನೂ ಇತ್ತು, ಅದರ ಹತ್ತಿರದ ಪಂಕ್ತಿಯಲ್ಲಿ ಕೂತೆ. ರೊಟ್ಟಿ ಬಡಿಸಿದರು. ತೆಳ್ಳಗಿತ್ತು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದೆ, ಅದೇ ಕೈ. ಅಷ್ಟರಲ್ಲಿ ಮೈಕಿನಲ್ಲಿ ಯಾರೋ ಒಬ್ಬರು ಕಾಗದ ನೋಡಿಕೊಂಡು ಓದಿದರು: “ಕಸ್ತೂರವ್ವನ ಹೆಸರಿಲೆ, ಮಗಳು ರೇಣುಕಾನ ರೊಟ್ಟಿ ಸೇವಾ.” ಓದಿ ಮುಂದಿನ ಹೆಸರಿಗೆ ಹೋದರು. ಆ ಹೆಸರು ಹೇಳಲು ಹಿಡಿದದ್ದು ಒಂದೇ ಉಸಿರು.